ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ

ಟಿಪ್ಪುವಿನ ಗುಂಬಜ್ ನೋಡಲು ಬರುವವರಲ್ಲಿ ಬಹುಪಾಲು ಜನರು, ಬೆಂಗಳೂರು–ಮೈಸೂರು ಹೆದ್ದಾರಿಗೆ ಸಮೀಪದಲ್ಲೇ ಕಾವೇರಿಯ ದಡದಲ್ಲಿರುವ, ಬ್ರಿಟಿಷರ ಕಾವಲು ದಂಡಿನ (ಗ್ಯಾರಿಸನ್) ಈ ಸ್ಮಶಾನದತ್ತ ತಿರುಗಿಯೂ ನೋಡುವುದಿಲ್ಲ. ಸೋತ ಅರಸನ ಸಮಾಧಿಗೆ ಹೂವೂ ಜನಸಂದಣಿಯೂ ತಪ್ಪದಿರುವಾಗ, ಗೆದ್ದವರ ಸುಮಾರು 300 ಗೋರಿಗಳು ಹೀಗೆ ಒಂಟಿಯಾಗಿರುವುದು ಚರಿತ್ರೆಯ ವಿಚಿತ್ರ ನ್ಯಾಯವೆಂದೇ ನನಗೆ ತೋರುತ್ತದೆ.

ಇಲ್ಲಿ ಗಮನ ಸೆಳೆಯುವವು ಡಿ ಮ್ಯೂರಾನ್ ರೆಜಿಮೆಂಟಿನ ಅಧಿಕಾರಿಗಳ ಗೋರಿಗಳು. ಇಂದಿನ ಸ್ವಿಟ್ಜರ್ಲೆಂಡಿಗೆ ಸೇರಿದ ನ್ಯೂಶಾಟೆಲ್‌ನ ಕೌಂಟ್ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಈ ಬಾಡಿಗೆ ಪಡೆಯು, ಸಿಲೋನಿನಲ್ಲಿದ್ದಾಗ 1795ರಲ್ಲಿ ಬ್ರಿಟಿಷರ ಪಕ್ಷಕ್ಕೆ ಸೇರಿ, 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಾಡಿತು. ನ್ಯೂಶಾಟೆಲ್‌ನ ಜೂರಾ ಬೆಟ್ಟಗಳ ತಪ್ಪಲಿನಿಂದ ಹೊರಟವರು ಯಾರದೋ ಸಂಬಳಕ್ಕೆ, ಯಾರದೋ ಯುದ್ಧಕ್ಕೆ ಬಂದು ಮಂಡ್ಯದ ಮಣ್ಣು ಸೇರಿದರು.

ಆದರೆ ಇಲ್ಲಿರುವವರೆಲ್ಲರೂ ಯುದ್ಧದಲ್ಲಿ ಮಡಿದವರಲ್ಲ. ಕೋಟೆ ಬಿದ್ದ ಮೇಲೂ ದಶಕಗಳ ಕಾಲ ಇಲ್ಲಿ ಅಧಿಕಾರಿಗಳನ್ನೂ ಅವರ ಪತ್ನಿ–ಮಕ್ಕಳನ್ನೂ ಹೂಳಲಾಯಿತು. ನದಿ ಸುತ್ತುವರಿದ ಈ ದ್ವೀಪದ ಜ್ವರವನ್ನು ತಾಳಲಾರದೆಯೇ ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. (ಬೆಂಗಳೂರಿನ ಕಂಟೋನ್ಮೆಂಟಿನ ಹುಟ್ಟಿನಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಗಳಿಗೂ ಪಾಲಿದೆ ಎನ್ನಬಹುದು.)

ಬಹುಕಾಲ ಪಾಳುಬಿದ್ದಿದ್ದ ಈ ಸ್ಮಶಾನವು 2008ರ ಸುಮಾರಿಗೆ ಡಿ ಮ್ಯೂರಾನ್ ವಂಶಸ್ಥರ ಆಸಕ್ತಿಯಿಂದ ದುರಸ್ತಿ ಕಂಡಿತು. ಗೋರಿಗಳ ಬರಹವನ್ನು ವಿವರಿಸುವ ಒಂದು ಕನ್ನಡ ಫಲಕ ಪ್ರತಿ ಸಾಲಿಗೂ ಇದ್ದರೆ, ಗುಂಬಜಿಗೆ ಬಂದವರಲ್ಲಿ ನಾಲ್ಕು ಜನರಾದರೂ ಇತ್ತ ಬಂದಾರು.