ಉಪ್ಪಿನ ಪಕ್ಕದ ಕ್ಯಾಪ್ಸೂಲ್

ಬದಿಯಡ್ಕದ ನಮ್ಮ ಮನೆಯಲ್ಲಿ ಹಲಸಿನ ಸೋಂಟೆ ಕರಿದ ದಿನ ಅಪ್ಪನಿಗೆ 2 ಕ್ಯಾಪ್ಸೂಲ್, ಬರೀ ಗಂಜಿಯಾದರೆ 1. ವೈದ್ಯರ ಲೆಕ್ಕ ಅದು. ಹಳೆಯ ಉರಿಯೂತದಿಂದ ಮೇದೋಜೀರಕ ಗ್ರಂಥಿ ಸೊರಗಿದೆ. ಕೊಬ್ಬು ಕರಗಿಸುವ ಲೈಪೇಸ್ ಎಂಬ ಕಿಣ್ವ ಸಾಲುತ್ತಿಲ್ಲ; ಕ್ಯಾಪ್ಸೂಲಿನಲ್ಲಿರುವುದು ಅದೇ. ಮಲ ಎಣ್ಣೆಯಂತೆ ತೇಲುತ್ತಿದ್ದರೂ ನಾವು ಜೀರಿಗೆ ಕಷಾಯದಲ್ಲೇ ಕಾಲ ಕಳೆದೆವು. ಮಂಗಳೂರಿಗೆ ಹೋದದ್ದು ತೂಕ 14 ಕಿಲೋ ಇಳಿದ ಮೇಲೆ!

ಮೊದಮೊದಲು ಊಟ ಮುಗಿಸಿ, ಎಲೆಯಡಿಕೆ ಹಾಕುವ ಹೊತ್ತಿಗೆ ನುಂಗುತ್ತಿದ್ದರು. ಏನೂ ಪ್ರಯೋಜನವಾಗಲಿಲ್ಲ. ಕಿಣ್ವ ಅನ್ನದೊಡನೆಯೇ ಕರುಳಿಗಿಳಿಯಬೇಕು, ಹಾಗಾಗಿ ಈಗ ಮೊದಲ ತುತ್ತಿನೊಂದಿಗೆ.

ಆ ಕಿಣ್ವ ಹಂದಿಯ ಮೇದೋಜೀರಕದಿಂದ ತೆಗೆದದ್ದೆಂದು ಓದಿ ಹೇಳಿದವನು ನಾನೇ. ಹೇಳಬಾರದಿತ್ತೋ ಏನೋ. ಅಪ್ಪ ಒಂದು ದಿನ ಮುಟ್ಟಲಿಲ್ಲ. ಮರುದಿನ ಅಮ್ಮ ಮಾತಿಲ್ಲದೆ ಬಾಳೆಲೆಯ ತುದಿಯಲ್ಲಿ, ಉಪ್ಪಿನ ಪಕ್ಕ, ಕ್ಯಾಪ್ಸೂಲ್ ಬಡಿಸಿದರು. ಅಪ್ಪ ನುಂಗಿದರು.