ಅಮೆರಿಕದ ದವಾಖಾನೆ ಬಿಲ್ಲು: ಅಪ್ಪ-ಅವ್ವನ್ನ ಕರೆಸಿಕೊಳ್ಳುವ ಮೊದಲು

ಕಲಬುರಗಿ, ಬೀದರ ಕಡೆಯಿಂದ ಮಕ್ಕಳ ಹತ್ತಿರ ಬರುವ ಹಿರಿಯರು ಇಲ್ಲಿಯ ಬಿಲ್ಲು ನೋಡಿ, "ಈ ಮಂದಿ ನೆಗಡಿಗೂ ಡಾಕ್ಟರ್ ಕಡೆ ಓಡ್ತಾರೇನು?" ಅಂತ ಕೇಳುತ್ತಾರೆ. ಹಾಗೇನಿಲ್ಲ. ಬೇರೆ ಶ್ರೀಮಂತ ದೇಶಗಳವರಿಗಿಂತ ಅಮೆರಿಕದವರು ಡಾಕ್ಟರ್ ಹತ್ತಿರ ಹೋಗುವುದೂ ಕಮ್ಮಿ, ಆಸ್ಪತ್ರೆಯಲ್ಲಿ ಮಲಗುವ ದಿನಗಳೂ ಕಮ್ಮಿ. ಆದರೂ 2023ರಲ್ಲಿ ಜಿಡಿಪಿಯ 17.6% ಆರೋಗ್ಯಕ್ಕೇ ಹೋಯಿತು, ತಲೆಗೆ ಸುಮಾರು 14,570 ಡಾಲರ್. ಇಲ್ಲಿ ವಿಪರೀತ ಇರುವುದು ದರ. ಅರ್ಥಶಾಸ್ತ್ರಜ್ಞ ಉವೆ ರೈನ್‌ಹಾರ್ಟ್ ಮತ್ತು ಸಂಗಡಿಗರು ಇದನ್ನು 2003ರಲ್ಲೇ ತೋರಿಸಿಕೊಟ್ಟಿದ್ದರು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಗಳಿಗೆ ಸರ್ಕಾರವೇ ಪ್ಯಾಕೇಜ್ ದರ ಕಟ್ಟಿದೆ. ಅಮೆರಿಕದಲ್ಲಿ ಮುಖ್ಯವಾಗಿ 65 ದಾಟಿದವರ ಸರ್ಕಾರಿ ವಿಮೆ ಮೆಡಿಕೇರ್, ಬಡವರ ಸರ್ಕಾರಿ ವಿಮೆ ಮೆಡಿಕೇಡ್‌ಗಷ್ಟೇ ಆ ಪದ್ಧತಿ. ಉಳಿದಂತೆ ಒಂದೊಂದು ವಿಮಾ ಕಂಪನಿ ಒಂದೊಂದು ಆಸ್ಪತ್ರೆ ಜೊತೆ ಬೇರೆ ಬೇರೆ ಚೌಕಾಸಿ ಮಾಡುತ್ತದೆ. ಊರಿನ ಆಸ್ಪತ್ರೆಗಳೆಲ್ಲ ಒಂದೇ ಸಂಸ್ಥೆಯ ಕೈಸೇರಿದರೆ ಚೌಕಾಸಿ ಅಲ್ಲಿಗೇ ಮುಗಿಯಿತು, ಅವರು ಹೇಳಿದ್ದೇ ದರ. ಔಷಧದ್ದು ಇನ್ನೂ ವಿಚಿತ್ರ: ಔಷಧ ಕಂಪನಿಗಳ ಜೊತೆ ಮೆಡಿಕೇರ್ ದರ ಮಾತಾಡಕೂಡದು ಅಂತ 2003ರಲ್ಲಿ ಕಾನೂನೇ ಮಾಡಿದ್ದರು! 2022ರ ಕಾನೂನು ಅದನ್ನು ಸಡಿಲಿಸಿದ ಮೇಲೆ ಮೊದಲ 10 ಔಷಧಗಳ ಹೊಸ ದರ 2026ರ ಜನವರಿಯಿಂದ ಬಂತು.

ಹೀಗೆ ಒಂದೇ ಚಿಕಿತ್ಸೆಗೆ ಹತ್ತು ದರ ಇರುವುದರಿಂದಲೇ ಊರಿಂದ ಬರುವ ಹಿರಿಯರಿಗೆ ವಿಮೆ ಆರಿಸುವಾಗ ಎಚ್ಚರ ಬೇಕು. ಸೋವಿ ಪಾಲಿಸಿಗಳು ಪ್ರತಿ ಸೇವೆಗೆ ಇಷ್ಟೇ ಅಂತ ಕೊಟ್ಟು ಕೈತೊಳೆದುಕೊಳ್ಳುತ್ತವೆ. ನೆಟ್‌ವರ್ಕ್ (ವಿಮಾ ಕಂಪನಿಯ ಜೊತೆ ದರ ಒಪ್ಪಿಕೊಂಡ ಆಸ್ಪತ್ರೆಗಳ ಗುಂಪು) ಇರುವ ಕಾಂಪ್ರಿಹೆನ್ಸಿವ್ ಪಾಲಿಸಿಯಲ್ಲಿ ಚೌಕಾಸಿಯಾದ ದರ ಸಿಗುತ್ತದೆ. ಲೆಕ್ಕಕ್ಕೆ ಹಿಡಿಯಿರಿ: ಆಸ್ಪತ್ರೆ ಬಿಲ್ಲು 30,000 ಡಾಲರ್, ನೆಟ್‌ವರ್ಕ್ ದರ 12,000. ಮೊದಲ 250 ನಿಮ್ಮದು, ಮುಂದಿನ 5,000ಕ್ಕೆ 20% ನಿಮ್ಮದು, ಆಮೇಲಿನದ್ದು ಪಾಲಿಸಿಯದು ಅಂತಿದ್ದರೆ ನಿಮ್ಮ ಕೈಯಿಂದ 1,250. ಸೋವಿ ಪಾಲಿಸಿ ಒಟ್ಟು 4,000 ಕೊಟ್ಟರೆ ಉಳಿದ 26,000 ನಿಮ್ಮ ತಲೆಮೇಲೆ.

ಮೊದಲೇ ಇದ್ದ ಬಿಪಿ, ಶುಗರ್, ಹೃದಯದ ತೊಂದರೆಗೆ ಮಾಮೂಲಿ ಚಿಕಿತ್ಸೆ ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಕೆಲವು ಪಾಲಿಸಿಗಳು ಅದು ಏಕಾಏಕಿ ಉಲ್ಬಣಿಸಿದಾಗ ಮಾತ್ರ ಕೊಡುತ್ತವೆ, ಅದಕ್ಕೂ ವಯಸ್ಸಿನ ಮಿತಿ ಇರುತ್ತದೆ. ಆದ್ದರಿಂದ ಹೃದಯದ ತಪಾಸಣೆ ಕಲಬುರಗಿಯ ಜಯದೇವದಲ್ಲೇ ಮುಗಿಸಿ, ಹಲ್ಲು-ಕಣ್ಣು ಅಲ್ಲೇ ತೋರಿಸಿ ಬರಲಿ. ಗುಳಿಗೆ 90 ದಿನಕ್ಕಾಗುವಷ್ಟು, ಮೂಲ ಪ್ಯಾಕಿಂಗ್‌ನಲ್ಲೇ ಇರಲಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಜೆನೆರಿಕ್ ಹೆಸರನ್ನೂ (ಔಷಧದ ಮೂಲ ಹೆಸರು) ಇಂಗ್ಲಿಷಿನಲ್ಲಿ ಬರೆಸಿ, ಇಲ್ಲಿಯ ಔಷಧ ಅಂಗಡಿಯವರಿಗೆ ನಮ್ಮ ಬ್ರ್ಯಾಂಡುಗಳು ಗೊತ್ತಿರುವುದಿಲ್ಲ.

ಜ್ವರ, ಉಳುಕು, ಸಣ್ಣ ಗಾಯಕ್ಕೆ ಅರ್ಜೆಂಟ್ ಕೇರ್ ಎಂಬ ಸಣ್ಣ ಕ್ಲಿನಿಕ್ ಸಾಕು. ಎಮರ್ಜೆನ್ಸಿ ರೂಮಿನಲ್ಲಿ ಕಾಲಿಟ್ಟಿದ್ದಕ್ಕೇ ತೊಂದರೆ ಎಷ್ಟು ಗಂಭೀರ ಅಂತ ನೋಡಿ 1ರಿಂದ 5ರವರೆಗಿನ ಹಂತದ ಫೀಸು, ಡಾಕ್ಟರ್ ಬಿಲ್ಲು ಬೇರೆ. ಎದೆನೋವು, ಮಾತು ತೊದಲುವುದು ಕಂಡರಂತೂ ಲೆಕ್ಕ ಹಾಕುತ್ತ ಕೂರದೆ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿ. ರೊಕ್ಕ ಇಲ್ಲ ಅಂತ ಎಮರ್ಜೆನ್ಸಿಯಿಂದ ವಾಪಸ್ ಕಳಿಸುವಂತಿಲ್ಲ, 1986ರಿಂದಲೂ ಕಾನೂನಿದೆ. ಬಿಲ್ಲು ಆಮೇಲೆ ತಪ್ಪದೆ ಮನೆಗೆ ಬರುತ್ತದೆ.

ಬಂದ ಕೂಡಲೇ ಕಟ್ಟಬೇಡಿ. ಐಟಮೈಸ್ಡ್ ಬಿಲ್ಲು, ಅಂದರೆ ಒಂದೊಂದಕ್ಕೂ ಎಷ್ಟು ಅಂತ ಬಿಡಿಸಿ ಬರೆದ ಬಿಲ್ಲು ಕೇಳಿ, ಮಾಡದ ಟೆಸ್ಟು, ಎರಡೆರಡು ಸಲ ಹಾಕಿದ ಸಾಲು ಹುಡುಕಿ. ಲಾಭರಹಿತ ಆಸ್ಪತ್ರೆಯಾದರೆ ಬಿಲ್ಲಿನ ರಿಯಾಯಿತಿಗೆ ಅರ್ಜಿ ಹಾಕಲು ಮೊದಲ ಬಿಲ್ಲಿನಿಂದ 240 ದಿನ ಇರುತ್ತದೆ, ಯಾರಿಗೆ ಎಷ್ಟು ಅನ್ನುವ ನಿಯಮ ಆಯಾ ಆಸ್ಪತ್ರೆಯದು. ಮೊದಲೇ ಗೊತ್ತುಮಾಡಿದ ಚಿಕಿತ್ಸೆಗೆ ವಿಮೆ ಇಲ್ಲದವರು ಬರಹದಲ್ಲಿ ಅಂದಾಜು ಪಡೆಯಬಹುದು. ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಏರಿದ್ದರೆ 120 ದಿನದೊಳಗೆ ತಕರಾರು ಹಾಕಬೇಕು.