ಕಡೆಭಾಗದ ನೀರು

1911ರಲ್ಲಿ ಕಾಮಗಾರಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುಣ್ಣ ಮತ್ತು ಇಟ್ಟಿಗೆಪುಡಿ ಬೆರೆತ ಸುರ್ಕಿ ಗಾರೆ. ಎಂಜಿನಿಯರರ ನಕ್ಷೆಗೆ ಗಾರೆ ಅರೆಯುವವರ ಕೈಗುಣವೂ ಕೂಡಿದಾಗಲೇ ಕಾವೇರಿ ನಿಂತಳು. ಮಂಡ್ಯದ ಬಳಿಯ ನಮ್ಮೂರಿನ ಪುಟ್ಟ ಸಮಸ್ಯೆಯೊಂದನ್ನು ಬಿಡಿಸಲು ಹೊರಟಾಗ ನಾನು ಇದನ್ನು ಮರೆತಿದ್ದೆ.

ವಿಶ್ವೇಶ್ವರಯ್ಯ ನಾಲೆಯ ಕಿರುಗಾಲುವೆಯೊಂದರ ಕಡೆಭಾಗದ ಗದ್ದೆಗಳಿಗೆ ಎರಡು ವರ್ಷದಿಂದ ನೀರು ತಲುಪುತ್ತಿರಲಿಲ್ಲ. ಒಂದೇ ಕಾಲೇಜಿನಲ್ಲಿ ಸಿವಿಲ್ ಓದಿದ ನಾವು ಮೂವರು ಗೆಳೆಯರು ನೆಲದ ಏರಿಳಿತ ಅಳೆಯುವ ಲೆವೆಲ್ ಉಪಕರಣ ಹಿಡಿದು, ಇಳಿಜಾರಿನ ಲೆಕ್ಕ ಹಾಕಿ, ತೂಬನ್ನು ಅಗಲಿಸಬೇಕೆಂಬ ಒಂದೇ ತೀರ್ಮಾನಕ್ಕೆ ಬಂದೆವು. ಮೂವರೂ ಒಪ್ಪಿದ್ದನ್ನೇ ಪುರಾವೆ ಎಂದುಕೊಂಡದ್ದು ನಮ್ಮ ದಡ್ಡತನ.

ಅರಳಿಕಟ್ಟೆಯ ಮೇಲೆ ಊರವರೆಲ್ಲ ಕೂತ ಸಂಜೆ ಲೆಕ್ಕ ಬದಲಾಯಿತು. ಬೆಳಗಿನ ಜಾವ ನೀರು ತುಸು ಹೆಚ್ಚು ಬರುತ್ತದೆಂದು ನೀರುಗಂಟಿ ಹೇಳಿದರು. ಆ ಹೊತ್ತಿಗೆ ಮೇಲ್ಭಾಗದ ಪಂಪುಗಳಿಗೆ ಕರೆಂಟ್ ಇರುವುದಿಲ್ಲವೆಂದು ಲೈನ್‌ಮನ್ ಸೇರಿಸಿದರು. ನಾಲೆಯಲ್ಲಿ ಬಟ್ಟೆ ಒಗೆಯುವ ಅಕ್ಕನೊಬ್ಬರು, "ಮೋರಿ ಈಚೆಗೆ ಸೋಪಿನ ನೊರೆ ಅಲ್ಲೇ ಸುತ್ಕೊಂಡು ನಿಂತ್ಕೋತದೆ ಕಣಪ್ಪ, ಮುಂದಕ್ಕೆ ಹೋಗಾಕಿಲ್ಲ" ಎಂದರು. ಮಾರನೆಯ ದಿನ ಮೋರಿಯೊಳಗೆ ತೆವಳಿ ನೋಡಿದರೆ, ಜೊಂಡಿನ ಬೇರಿಗೆ ಸಿಕ್ಕಿಕೊಂಡು ಹೂಳು ತುಂಬಿದ ಯೂರಿಯಾ ಚೀಲಗಳು. (ನಮ್ಮ ಲೆವೆಲ್ ಉಪಕರಣ ಮೋರಿಯೊಳಗೆ ಇಣುಕುವುದಿಲ್ಲ.)

ಬಗೆಬಗೆಯ ಜನ ಸೇರಿದರೆ ಗದ್ದಲವೂ ಹೆಚ್ಚು. ಅಂದು ಬದುವಿನ ಹಳೆಯ ಜಗಳವೊಂದು ಎದ್ದು ಎರಡು ಗಂಟೆ ಹಾಳಾಯಿತು. ಆದರೆ ಅದೇ ಜಗಳದ ನಡುವೆ ಪಂಪುಗಳಿಗೆ ಸರದಿ ಗೊತ್ತುಮಾಡುವ ಮಾತೂ ಹುಟ್ಟಿತು. ತೂಬು ಇಂದಿಗೂ ಹಳೆಯ ಅಗಲದಲ್ಲೇ ಇದೆ. ಕಡೆಯ ಗದ್ದೆಯಲ್ಲಿ ಈ ಬಾರಿ ನಾಟಿಯಾಗಿದೆ.